ಶ್ರೇಯಾಂಕವೆಂಬ ಬಿತ್ತನೆ

ಪ್ರತಿವರ್ಷ ಮಾರ್ಚ್ ತಿಂಗಳ ನಡುವಿನ ಒಂದು ಭಾನುವಾರ ಸಂಜೆ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರರು ಟಿ.ವಿ. ಮುಂದೆ ಗುಂಪುಗೂಡಿ ಕೂರುತ್ತಾರೆ. ಅವರು ಕಾಯುವುದು ಒಂದು ಪಟ್ಟಿಗಾಗಿ. ಕಾಲೇಜು ಕ್ರೀಡೆಗಳ ಆಡಳಿತ ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆಯ ರಾಷ್ಟ್ರೀಯ ಟೂರ್ನಿಗೆ ಯಾವ ತಂಡಗಳು ಆಯ್ಕೆಯಾದವು, ಯಾವುದಕ್ಕೆ ಎಷ್ಟನೇ ಶ್ರೇಯಾಂಕ ಸಿಕ್ಕಿತು, ಯಾರು ಯಾರನ್ನು ಯಾವ ಊರಿನಲ್ಲಿ ಎದುರಿಸಬೇಕು ಎಂಬುದೆಲ್ಲ ಆ ಒಂದು ಗಂಟೆಯಲ್ಲಿ ಬಯಲಾಗುತ್ತದೆ. ಚಪ್ಪಾಳೆ, ಕೇಕೆಗಳ ಬೆನ್ನಿಗೇ ಗೊಣಗಾಟವೂ ಶುರುವಾಗುತ್ತದೆ. ‘ನಮಗೆ ಅನ್ಯಾಯವಾಯಿತು’ ಎಂಬ ದೂರಿಲ್ಲದ ಮಾರ್ಚ್ ತಿಂಗಳು ಅಲ್ಲಿ ಇಲ್ಲವೆನ್ನಬಹುದು.

ದೂರಿಗೆ ಕಾರಣವೂ ಇದೆ. ಇದು ನಾಕೌಟ್ ಟೂರ್ನಿ. ಒಮ್ಮೆ ಸೋತವರು ಊರಿಗೆ ಹೊರಡಬೇಕು. ಕಾಲೇಜು ವಿದ್ಯಾರ್ಥಿಗೆ ಆಡಲು ಸಿಗುವುದು ಕೆಲವೇ ವರ್ಷ. ಕೊನೆಯ ವರ್ಷದ ಹುಡುಗನಿಗೆ ‘ಮುಂದಿನ ಸಲ ನೋಡೋಣ’ ಎಂಬ ಸಮಾಧಾನವೂ ಇಲ್ಲ. ಅಂಥವನ ದಾರಿ ಎಷ್ಟು ಕಡಿದಾಗಿರಬೇಕು ಎಂಬುದನ್ನು ಆಟ ಆರಂಭವಾಗುವ ಮುನ್ನವೇ ಕೋಣೆಯೊಂದರಲ್ಲಿ ಕುಳಿತ ಕೆಲವರು ತೀರ್ಮಾನಿಸುತ್ತಾರೆ. ಈ ತೀರ್ಮಾನವನ್ನು ನ್ಯಾಯವಾಗಿ ಮಾಡಲು ಸಾಧ್ಯವೇ? ಎಂಟು ದಶಕಗಳಿಗೂ ಮೀರಿದ ಈ ಟೂರ್ನಿಯ ಇತಿಹಾಸವೆಂದರೆ ಬಹುಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಹುಡುಕಿದ ಇತಿಹಾಸವೇ.

ಕೂರಿಗೆಯ ಲೆಕ್ಕ

ಇಂಗ್ಲಿಷಿನ ‘ಸೀಡಿಂಗ್’ ಎಂಬುದನ್ನು ಕನ್ನಡ ಪತ್ರಿಕೆಗಳು ‘ಶ್ರೇಯಾಂಕ’ ಎಂದು ಕರೆದು, ಅದೇ ರೂಢಿಗೆ ಬಂದಿದೆ. ಶ್ರೇಯಸ್ಸಿನ ಅಂಕ, ಅಂದರೆ ಹಿರಿಮೆಯ ಸಂಖ್ಯೆ ಎಂಬ ಅರ್ಥ ಅದರಲ್ಲಿದೆ. ಮೂಲ ಪದದಲ್ಲಿರುವುದು ಬೀಜ, ಬಿತ್ತನೆ. ಕೂರಿಗೆ ಹಿಡಿದ ರೈತ ಸಾಲಿಗೂ ಸಾಲಿಗೂ ಅಂತರವಿಟ್ಟು ಬಿತ್ತುತ್ತಾನೆ. ಬೀಜವೆಲ್ಲ ಒಂದೇ ಕಡೆ ಬಿದ್ದರೆ ಸಸಿಗಳು ಒಂದನ್ನೊಂದು ನುಂಗಿ ಹಾಕುತ್ತವೆ ಎಂಬುದು ಅವನಿಗೆ ಗೊತ್ತು. ಟೆನಿಸ್ ಟೂರ್ನಿಗಳನ್ನು ನಡೆಸುವವರು ಈ ಉಪಮೆಯನ್ನು ಎತ್ತಿಕೊಂಡರು. ಬಲಿಷ್ಠರನ್ನು ದೂರ ದೂರ ಬಿತ್ತಬೇಕು. ಆಗ ಅವರು ಮೊದಲ ಸುತ್ತಿನಲ್ಲೇ ಒಬ್ಬರನ್ನೊಬ್ಬರು ಕೆಡವಿಕೊಳ್ಳದೆ ಕೊನೆಯವರೆಗೆ ಬೆಳೆದು ನಿಲ್ಲುತ್ತಾರೆ. ಮೊದಲ ಅರ್ಥದಲ್ಲಿ ಸೀಡಿಂಗ್ ಯಾರಿಗೂ ಕೊಟ್ಟ ಪದಕವಲ್ಲ, ಅಂತರದ ಲೆಕ್ಕ.

ಆ ಲೆಕ್ಕ ಏಕೆ ಬೇಕಾಯಿತು ಎಂಬುದನ್ನು ಬಲು ಹಿಂದೆಯೇ ತೋರಿಸಿಕೊಟ್ಟವನು ಒಬ್ಬ ಕಥೆಗಾರ. ಆಲಿಸಳ ಅದ್ಭುತ ಲೋಕವನ್ನು ಸೃಷ್ಟಿಸಿದ ಲೂಯಿಸ್ ಕ್ಯಾರಲ್ ವೃತ್ತಿಯಲ್ಲಿ ಆಕ್ಸ್‌ಫರ್ಡಿನ ಗಣಿತದ ಉಪನ್ಯಾಸಕ. ನಿಜನಾಮ ಚಾರ್ಲ್ಸ್ ಡಾಡ್ಜ್‌ಸನ್. ಟೆನಿಸ್ ಟೂರ್ನಿಗಳಲ್ಲಿ ಬಹುಮಾನ ಹಂಚುವ ಪದ್ಧತಿಯೇ ತಪ್ಪೆಂದು ವಾದಿಸಿ 1883ರಲ್ಲಿ ಆತ ಒಂದು ಕಿರುಹೊತ್ತಿಗೆ ಪ್ರಕಟಿಸಿದ. ಲೆಕ್ಕ ಸರಳವಾಗಿದೆ. 32 ಆಟಗಾರರನ್ನು ಚೀಟಿ ಎತ್ತಿ ಜೋಡಿಸಿದರೆನ್ನಿ. ಹೆಚ್ಚು ಬಲಶಾಲಿಯಾದವನೇ ಯಾವಾಗಲೂ ಗೆಲ್ಲುತ್ತಾನೆಂದೂ ಇಟ್ಟುಕೊಳ್ಳಿ. ಎಲ್ಲರಿಗಿಂತ ಉತ್ತಮನಾದವನಿಗೆ ಮೊದಲ ಬಹುಮಾನ ಖಚಿತ. ಎರಡನೆಯ ಅತ್ಯುತ್ತಮನಿಗೆ ಎರಡನೆಯ ಬಹುಮಾನ ಸಿಗಬೇಕಾದರೆ ಅವನ ಚೀಟಿ ಪಟ್ಟಿಯ ಇನ್ನೊಂದು ಅರ್ಧದಲ್ಲಿ ಬೀಳಬೇಕು. ಉಳಿದ 31 ಜಾಗಗಳಲ್ಲಿ ಅಂಥವು 16 ಮಾತ್ರ. ಎಂದರೆ ಅವನಿಗೆ ಸಲ್ಲಬೇಕಾದ್ದು ಸಲ್ಲುವ ಸಾಧ್ಯತೆ ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಕ್ಯಾರಲ್ ಸೂಚಿಸಿದ ಪರಿಹಾರ ಬೇರೆಯದು: ತನಗಿಂತ ಮೇಲಿನವರು ಮೂವರಿದ್ದಾರೆಂದು ಸಾಬೀತಾಗುವವರೆಗೆ ಯಾರನ್ನೂ ಹೊರಹಾಕಕೂಡದು. ಜಗತ್ತು ಆ ದಾರಿ ಹಿಡಿಯಲಿಲ್ಲ. ಬಿತ್ತನೆಯ ದಾರಿ ಹಿಡಿಯಿತು. 1927ರಲ್ಲಿ ವಿಂಬಲ್ಡನ್ ಆಟಗಾರರ ಯೋಗ್ಯತೆಗೆ ತಕ್ಕ ಪೂರ್ಣ ಶ್ರೇಯಾಂಕ ಪದ್ಧತಿಯನ್ನು ಜಾರಿಗೆ ತಂದಿತು.

ಟೆನಿಸಿನಲ್ಲಿ ಇದು ಅಷ್ಟು ಕಷ್ಟವಲ್ಲ. ಮೇಲಿನ ಆಟಗಾರರು ವರ್ಷವಿಡೀ ಒಬ್ಬರನ್ನೊಬ್ಬರು ಎದುರಿಸುತ್ತಿರುತ್ತಾರೆ. ಅಮೆರಿಕದ ಮೇಲ್ದರ್ಜೆಯ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ 350ಕ್ಕೂ ಹೆಚ್ಚು ತಂಡಗಳಿವೆ. ಒಂದೊಂದು ತಂಡ ವರ್ಷಕ್ಕೆ ಆಡುವುದು ಮೂವತ್ತರ ಆಸುಪಾಸು ಪಂದ್ಯ, ಅದರಲ್ಲಿ ಬಹುಪಾಲು ‘ಕಾನ್ಫರೆನ್ಸ್’ ಎಂದು ಕರೆಯುವ ತನ್ನ ಒಕ್ಕೂಟದ ನೆರೆಹೊರೆಯವರೊಡನೆ. ಹೆಚ್ಚಿನ ತಂಡಗಳು ಪರಸ್ಪರ ಮುಖವನ್ನೇ ನೋಡಿರುವುದಿಲ್ಲ. ಆಡದವರನ್ನು ಅಳೆಯುವುದು ಹೇಗೆ? ತೊಡಕಿರುವುದೇ ಇಲ್ಲಿ.

ಭೂಗೋಳವೇ ಹಣೆಬರಹ

ಮಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಈ ಆಟವನ್ನು ರೂಪಿಸಿದ್ದು 1891ರಲ್ಲಿ. ರಾಷ್ಟ್ರೀಯ ಟೂರ್ನಿ ಆರಂಭವಾದದ್ದು 1939ರಲ್ಲಿ. ಅಂದು ಅಳೆಯುವ ಗೋಜೇ ಇರಲಿಲ್ಲ. ದೇಶವನ್ನು ಎಂಟು ವಿಭಾಗಗಳಾಗಿ ಹಂಚಿ, ವಿಭಾಗಕ್ಕೊಂದರಂತೆ ಎಂಟು ತಂಡಗಳನ್ನು ಕರೆದರು. ಒಹಾಯೊ ಸ್ಟೇಟ್ ತಂಡವನ್ನು 46-33ರಿಂದ ಮಣಿಸಿ ಆರೆಗನ್ ಮೊದಲ ಚಾಂಪಿಯನ್ ಆಯಿತು. 1951ರಲ್ಲಿ ತಂಡಗಳ ಸಂಖ್ಯೆ 16ಕ್ಕೆ ಏರಿತು. ಆಮೇಲೆ ಎರಡು ದಶಕ 22ರಿಂದ 25ರ ನಡುವೆ ಏರಿಳಿಯಿತು. ತತ್ತ್ವ ಮಾತ್ರ ಬದಲಾಗಲಿಲ್ಲ: ಒಕ್ಕೂಟಕ್ಕೊಂದೇ ತಂಡ, ಆಡುವುದು ತನ್ನ ಸೀಮೆಯಲ್ಲಿ.

ನೋಡಲು ಇದು ಸಮಪಾಲಿನ ನ್ಯಾಯ. ಆದರೆ ಪ್ರತಿಭೆ ಭೂಪಟದ ಗೆರೆಗಳನ್ನು ನೋಡಿಕೊಂಡು ಹುಟ್ಟುವುದಿಲ್ಲ. 1971ರಲ್ಲಿ ಸದರ್ನ್ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ತಂಡ 26 ಪಂದ್ಯಗಳಲ್ಲಿ 24 ಗೆದ್ದಿತು. ಸೋತ ಎರಡೂ ಪಂದ್ಯ ಒಂದೇ ಎದುರಾಳಿಗೆ, ಅದೇ ಊರಿನ ಯುಸಿಎಲ್‌ಎಗೆ. ಆ ಯುಸಿಎಲ್‌ಎ ಆಗ ದೇಶದ ದೊರೆ. ಜಾನ್ ವುಡನ್ ಅವರ ತರಬೇತಿಯಲ್ಲಿ 1967ರಿಂದ 1973ರವರೆಗೆ ಸತತ ಏಳು ವರ್ಷ ಪ್ರಶಸ್ತಿ ಗೆದ್ದ ತಂಡ. ಪಶ್ಚಿಮ ವಲಯದಲ್ಲಿ ಅದಕ್ಕೆ ಸಮನಾದ ಒಂದೇ ತಂಡವೆಂದರೆ ನೆರೆಮನೆಯದು. ನಿಯಮದ ಪ್ರಕಾರ ಆ ನೆರೆಮನೆಯವರು ಟೂರ್ನಿಗೇ ಬರುವಂತಿರಲಿಲ್ಲ. ದೇಶದ ಅತ್ಯುತ್ತಮ ಐದಾರು ತಂಡಗಳಲ್ಲಿ ಒಂದೆನಿಸಿದ್ದವರು ಮನೆಯಲ್ಲಿ ಕುಳಿತರು. ಅವರಿಗಿಂತ ಎಷ್ಟೋ ದುರ್ಬಲ ತಂಡಗಳು ಬೇರೆ ಒಕ್ಕೂಟಗಳಿಂದ ಒಳಗೆ ಬಂದವು.

ಅದರ ಹಿಂದಿನ ವರ್ಷ, 1970ರಲ್ಲಿ, ಇನ್ನೊಂದು ಬಗೆಯ ಜಗಳವಾಗಿತ್ತು. ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿರುವ ಮಾರ್ಕೆಟ್ ವಿಶ್ವವಿದ್ಯಾಲಯದ ತಂಡವನ್ನು ಆಯ್ಕೆ ಸಮಿತಿ ಹತ್ತಿರದ ಒಹಾಯೊಗೆ ಕಳಿಸದೆ ದೂರದ ಟೆಕ್ಸಸ್‌ನಲ್ಲಿ ಆಡುವ ವಲಯಕ್ಕೆ ಹಾಕಿತು. ತರಬೇತುದಾರ ಅಲ್ ಮೆಕ್‌ಗ್ವೈರ್ ಆಹ್ವಾನವನ್ನೇ ತಿರಸ್ಕರಿಸಿದರು. ನ್ಯೂಯಾರ್ಕಿನಲ್ಲಿ ನಡೆಯುವ ಪ್ರತಿಸ್ಪರ್ಧಿ ಟೂರ್ನಿ ಎನ್‌ಐಟಿಗೆ ಹೋಗಿ ಅದನ್ನು ಗೆದ್ದೂ ಬಂದರು. ಕೆರಳಿದ ಎನ್‌ಸಿಎಎ, ತನ್ನ ಕರೆ ಬಂದವರು ಬೇರೆ ಟೂರ್ನಿಗೆ ಹೋಗುವಂತಿಲ್ಲವೆಂದು ನಿಯಮ ಮಾಡಿತು. ಯಾರೊಡನೆ ಆಡುತ್ತೇವೆ ಎಂಬಷ್ಟೇ ಎಲ್ಲಿ ಆಡುತ್ತೇವೆ ಎಂಬುದೂ ನ್ಯಾಯದ ಪ್ರಶ್ನೆ ಎಂಬುದು ಆ ಪ್ರಸಂಗದಿಂದ ಸ್ಪಷ್ಟವಾಯಿತು.

ಕಟ್ಟೆ ಒಡೆದದ್ದು 1974ರಲ್ಲಿ. ಅಟ್ಲಾಂಟಿಕ್ ಕರಾವಳಿಯ ಒಕ್ಕೂಟದ ಫೈನಲ್‌ನಲ್ಲಿ ನಾರ್ತ್ ಕ್ಯಾರೊಲಿನ ಸ್ಟೇಟ್ ಮತ್ತು ಮೇರಿಲ್ಯಾಂಡ್ ಎದುರಾದವು. ಎರಡೂ ದೇಶದ ಮೊದಲ ಸಾಲಿನ ತಂಡಗಳು. ಹೆಚ್ಚುವರಿ ಅವಧಿಗೆ ಹೋದ ಆ ಪಂದ್ಯವನ್ನು ಮೇರಿಲ್ಯಾಂಡ್ 100-103ರಿಂದ ಸೋತಿತು. ಆ ಮೂರು ಅಂಕಗಳ ಅಂತರಕ್ಕೆ ತೆತ್ತ ಬೆಲೆ ಇಡೀ ರಾಷ್ಟ್ರೀಯ ಟೂರ್ನಿ. ಗೆದ್ದ ನಾರ್ತ್ ಕ್ಯಾರೊಲಿನ ಸ್ಟೇಟ್ ಮುಂದೆ ಸೆಮಿಫೈನಲ್‌ನಲ್ಲಿ ಯುಸಿಎಲ್‌ಎಯ ಏಳು ವರ್ಷಗಳ ಓಟವನ್ನು ನಿಲ್ಲಿಸಿ ಚಾಂಪಿಯನ್ ಆಯಿತು. ಅಂಥ ತಂಡದೊಡನೆ ಸರಿಸಮವಾಗಿ ಹೋರಾಡಿದವರಿಗೆ ಟೂರ್ನಿಯಲ್ಲಿ ಜಾಗವೇ ಇಲ್ಲವೇ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಾಯಿತು. ಮರುವರ್ಷವೇ ತಂಡಗಳ ಸಂಖ್ಯೆ 32 ಆಯಿತು; ಒಂದೇ ಒಕ್ಕೂಟದಿಂದ ಎರಡು ತಂಡ ಬರಲೂ ಅವಕಾಶವಾಯಿತು.

ಕನ್ನಡ ಓದುಗರಿಗೆ ಈ ಕಥೆ ತೀರ ಅಪರಿಚಿತವೇನಲ್ಲ. ರಣಜಿ ಟ್ರೋಫಿಯೂ ದಶಕಗಳ ಕಾಲ ವಲಯಕ್ಕೊಂದೇ ತಂಡವೆಂಬ ಕಟ್ಟಿನಲ್ಲಿ ನಡೆಯಿತು. ದಕ್ಷಿಣ ವಲಯದಲ್ಲಿ ಮೈಸೂರು, ಮದ್ರಾಸು, ಹೈದರಾಬಾದುಗಳು ಒಂದೇ ಬಾಗಿಲಿಗೆ ನುಗ್ಗಬೇಕಾಗಿತ್ತು. 1970-71ರಲ್ಲಿ ವಲಯಕ್ಕೆ ಎರಡು ತಂಡಗಳೆಂದು ನಿಯಮ ಸಡಿಲಿಸಲಾಯಿತು. ಸತತ 15 ವರ್ಷ ಗೆದ್ದಿದ್ದ ಬೊಂಬಾಯಿಯನ್ನು ಎರಪಳ್ಳಿ ಪ್ರಸನ್ನ ನಾಯಕತ್ವದ ಕರ್ನಾಟಕ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ತಡೆದದ್ದು 1973-74ರ ಋತುವಿನಲ್ಲಿ. ಯುಸಿಎಲ್‌ಎ ಉರುಳಿದ್ದೂ ಅದೇ 1974ರಲ್ಲಿ.

ಅಳತೆಗೋಲಿನ ಹುಡುಕಾಟ

ಬಾಗಿಲು ಅಗಲವಾದ ಮೇಲೆ ಹೊಸ ಸಮಸ್ಯೆ ಬಂತು. ಬಂದವರನ್ನು ಎಲ್ಲೆಲ್ಲಿ ಕೂರಿಸುವುದು? 1978ರಲ್ಲಿ ಭಾಗಶಃ, 1979ರಲ್ಲಿ ಪೂರ್ಣವಾಗಿ ಶ್ರೇಯಾಂಕ ಪದ್ಧತಿ ಬಂತು. ಆ ವರ್ಷ 40 ತಂಡ, ನಾಲ್ಕು ವಲಯ, ವಲಯಕ್ಕೆ 1ರಿಂದ 10ರವರೆಗೆ ಅಂಕ. ಫೈನಲ್‌ನಲ್ಲಿ ಮ್ಯಾಜಿಕ್ ಜಾನ್ಸನ್ ಇದ್ದ ಮಿಷಿಗನ್ ಸ್ಟೇಟ್, ಲ್ಯಾರಿ ಬರ್ಡ್ ಇದ್ದ ಇಂಡಿಯಾನ ಸ್ಟೇಟನ್ನು 75-64ರಿಂದ ಸೋಲಿಸಿತು. ಇಬ್ಬರು ಮಹಾನ್ ಆಟಗಾರರು ದೂರ ದೂರದ ಸಾಲುಗಳಲ್ಲಿ ಬೆಳೆದು ಕೊನೆಯ ದಿನ ಎದುರಾದರು. ಆದರೆ ಅದೇ ವರ್ಷ ಒಂಬತ್ತನೇ ಶ್ರೇಯಾಂಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯ, ಮೊದಲ ಶ್ರೇಯಾಂಕದ ನಾರ್ತ್ ಕ್ಯಾರೊಲಿನವನ್ನು ಕೆಡವಿ ಸೆಮಿಫೈನಲ್‌ವರೆಗೆ ಬಂದಿತು. ಬಿತ್ತಿದಂತೆ ಬೆಳೆ ಎಂಬ ಮಾತು ಈ ಹೊಲದಲ್ಲಿ ಪೂರ್ತಿ ನಿಜವಾಗದೆಂದು ಮೊದಲ ವರ್ಷವೇ ಗೊತ್ತಾಯಿತು.

1981ರಿಂದ ಸಮಿತಿಯ ಕೈಗೆ ಆರ್‌ಪಿಐ ಎಂಬ ಸೂಚ್ಯಂಕ ಬಂತು. ಅದರಲ್ಲಿ ತಂಡದ ಸ್ವಂತ ಗೆಲುವಿನ ಪ್ರಮಾಣಕ್ಕೆ ಕಾಲು ಭಾಗ ಬೆಲೆ, ಅದರ ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಅರ್ಧ, ಎದುರಾಳಿಗಳ ಎದುರಾಳಿಗಳಿಗೆ ಉಳಿದ ಕಾಲು. ದುರ್ಬಲರನ್ನು ಬಡಿದು ಬೀಗುವವರಿಗೆ ಲಗಾಮು ಹಾಕುವುದು ಉದ್ದೇಶ. ಫಲ ಮಾತ್ರ ಬೇರೊಂದು ಕಡೆಗೂ ಹೊರಳಿತು. ದೊಡ್ಡ ಒಕ್ಕೂಟದಲ್ಲಿರುವ ಕಾಲೇಜಿಗೆ ಬಲಿಷ್ಠ ಎದುರಾಳಿಗಳು ಕುಳಿತಲ್ಲೇ ಸಿಗುತ್ತಾರೆ. ಸೋತರೂ ಅಂಕಕ್ಕೆ ಆಧಾರವಿರುತ್ತದೆ. ಸಣ್ಣ ಕಾಲೇಜು ತನ್ನ ನೆರೆಯವರನ್ನೆಲ್ಲ ಗೆದ್ದರೂ ‘ಯಾರನ್ನು ಗೆದ್ದಿರಿ?’ ಎಂಬ ಪ್ರಶ್ನೆ ಎದುರಿಸಬೇಕು. ದೊಡ್ಡವರನ್ನು ಆಡಲು ಕರೆದರೆ ಅವರು ಸಣ್ಣವರ ಅಂಗಳಕ್ಕೆ ಬರಲು ಹಿಂಜರಿಯುತ್ತಾರೆ. ಸೋತರೆ ಮಾನ ಹೋಗುತ್ತದೆ, ಗೆದ್ದರೆ ಹೆಚ್ಚೇನೂ ದಕ್ಕುವುದಿಲ್ಲ. 2005ರಿಂದ ಪರಸ್ಥಳದ ಗೆಲುವಿಗೆ ಹೆಚ್ಚು ಬೆಲೆ ಕೊಟ್ಟು ಸೂತ್ರ ತಿದ್ದಿದರು. 2018-19ರಲ್ಲಿ ಆರ್‌ಪಿಐಯನ್ನೇ ಕೈಬಿಟ್ಟು ‘ನೆಟ್’ ಎಂಬ ಹೊಸ ಅಳತೆ ತಂದರು. ಯಾರೊಡನೆ ಆಡಲು ಅವಕಾಶ ಸಿಗುತ್ತದೆ ಎಂಬ ಮೂಲ ಅಸಮಾನತೆಯನ್ನು ಸೂತ್ರಗಳು ಅಳೆಯಬಲ್ಲವೇ ಹೊರತು ಅಳಿಸಲಾರವು.

ಸೂತ್ರಗಳೇ ಪಟ್ಟಿ ತಯಾರಿಸುವುದಿಲ್ಲ ಎಂಬುದನ್ನೂ ನೆನೆಯಬೇಕು. ಕಾಲೇಜುಗಳ ಕ್ರೀಡಾ ನಿರ್ದೇಶಕರು ಹಾಗೂ ಒಕ್ಕೂಟಗಳ ಆಯುಕ್ತರನ್ನೊಳಗೊಂಡ ಸಮಿತಿ ಮತ ಹಾಕಿ ಅದನ್ನು ರೂಪಿಸುತ್ತದೆ. ತಮ್ಮ ಕಾಲೇಜಿನ ವಿಷಯ ಬಂದಾಗ ಸದಸ್ಯರು ಎದ್ದು ಹೊರಹೋಗಬೇಕು. ಒಂದೇ ಒಕ್ಕೂಟದವರು ಬೇಗನೆ ಎದುರಾಗಬಾರದು, ಮೇಲಿನವರು ಆದಷ್ಟು ಊರಿನ ಹತ್ತಿರ ಆಡಬೇಕು ಎಂಬ ಕಟ್ಟಳೆಗಳಿವೆ. ಧಾರ್ಮಿಕ ಕಾರಣದಿಂದ ಭಾನುವಾರ ಆಡದ ಬ್ರಿಗ್‌ಹಮ್ ಯಂಗ್ ವಿಶ್ವವಿದ್ಯಾಲಯಕ್ಕೆ ಹೊಂದುವ ಜಾಗವನ್ನೂ ಹುಡುಕಬೇಕು. ಇವನ್ನೆಲ್ಲ ಸರಿದೂಗಿಸುವಾಗ ಕೆಲವರ ಅಂಕ ಒಂದು ಮೆಟ್ಟಿಲು ಮೇಲೋ ಕೆಳಗೋ ಸರಿಯುವುದುಂಟು.

ಎಂಟಕ್ಕಿಂತ ಹನ್ನೊಂದೇ ಲೇಸು

1985ರಲ್ಲಿ ತಂಡಗಳು 64 ಆದವು. ನಾಲ್ಕು ವಲಯ, ವಲಯಕ್ಕೆ 16. ಒಂದನೆಯವರಿಗೆ ಹದಿನಾರನೆಯವರು, ಎರಡನೆಯವರಿಗೆ ಹದಿನೈದನೆಯವರು, ಹೀಗೆ ಎಲ್ಲ ಜೋಡಿಗಳ ಮೊತ್ತವೂ 17. ಇಷ್ಟು ಅಚ್ಚುಕಟ್ಟಾದ ಪಟ್ಟಿಯೊಳಗೂ ಒಂದು ವಿಚಿತ್ರ ಅಡಗಿದೆ.

ಮೇಲಿನ ಅಂಕದವರಿಗೆ ದಾರಿ ಸುಲಭವಿರಬೇಕು ಎಂಬುದು ಶ್ರೇಯಾಂಕದ ಭರವಸೆ. ಎಂಟನೆಯವರು ಮೊದಲು ಒಂಬತ್ತನೆಯವರೊಡನೆ, ಅಂದರೆ ಸರಿಸುಮಾರು ಸಮಬಲರೊಡನೆ ಆಡುತ್ತಾರೆ. ಗೆದ್ದರೆ ಎದುರಿಗೆ ನಿಲ್ಲುವುದು ಬಹುತೇಕ ಖಚಿತವಾಗಿ ಒಂದನೇ ಶ್ರೇಯಾಂಕದ ದೈತ್ಯ. ಹನ್ನೊಂದನೆಯವರ ದಾರಿ ನೋಡಿ: ಮೊದಲು ಆರನೆಯವರು, ಆಮೇಲೆ ಸಾಮಾನ್ಯವಾಗಿ ಮೂರನೆಯವರು. ಹನ್ನೆರಡನೆಯವರಿಗೆ ಮೊದಲು ಐದನೆಯವರು, ಬಳಿಕ ನಾಲ್ಕನೆಯವರು. ಮೊದಲ ಮೆಟ್ಟಿಲು ತುಸು ಎತ್ತರ, ಎರಡನೆಯದು ಎಷ್ಟೋ ತಗ್ಗು. 1985ರಿಂದೀಚಿನ ಫಲಿತಾಂಶಗಳನ್ನು ಕೂಡಿಸಿ ನೋಡಿದವರಿಗೆ ಕಂಡದ್ದೂ ಇದೇ. ಕೊನೆಯ 16ರ ಹಂತ ತಲುಪುವುದರಲ್ಲಿ 10, 11, 12ನೇ ಶ್ರೇಯಾಂಕದವರು 8, 9ನೆಯವರನ್ನು ಹಿಂದೆ ಹಾಕಿದ್ದಾರೆ. ಸಮಿತಿ ‘ನೀವು ಅವರಿಗಿಂತ ಮೇಲು’ ಎಂದು ಕೊಡುವ ಅಂಕವೇ ಶಿಕ್ಷೆಯಾಗುತ್ತದೆ. ಎಂಟನೇ ಶ್ರೇಯಾಂಕದಿಂದ ಪ್ರಶಸ್ತಿಯವರೆಗೆ ನಡೆದವರೂ ಇದ್ದಾರೆ. 1985ರಲ್ಲಿ ವಿಲನೋವ ಜಾರ್ಜ್‌ಟೌನನ್ನು 66-64ರಿಂದ ಸೋಲಿಸಿದ್ದು ಹಾಗೆ. ಅಪವಾದವಾದ್ದರಿಂದಲೇ ಅದು ದಂತಕಥೆಯಾಯಿತು.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಿನಲ್ಲಿ ಪ್ರತಿ ಸುತ್ತಿನ ನಂತರ ಉಳಿದವರನ್ನು ಮತ್ತೆ ಜೋಡಿಸುತ್ತಾರೆ. ಉಳಿದವರಲ್ಲಿ ಕೊನೆಯವರು ಮೊದಲಿನವರನ್ನು ಎದುರಿಸುತ್ತಾರೆ. ಇಲ್ಲೂ ಹಾಗೇ ಮಾಡಬಾರದೇಕೆ ಎಂದು ಕೇಳುವವರಿದ್ದಾರೆ. ಅಡ್ಡಿಗಳು ಲೌಕಿಕವಾದವು. ಪಂದ್ಯಗಳ ಊರು, ಅಂಗಳಗಳು ಮೊದಲೇ ಗೊತ್ತಾಗಿರಬೇಕು. ಅದಕ್ಕಿಂತ ಮಿಗಿಲಾಗಿ, ಪಟ್ಟಿ ಪ್ರಕಟವಾದೊಡನೆ ಕಚೇರಿಗಳಲ್ಲಿ, ಮನೆಗಳಲ್ಲಿ ಕೋಟ್ಯಂತರ ಜನ ಫೈನಲ್‌ವರೆಗಿನ ಫಲಿತಾಂಶವನ್ನು ಊಹಿಸಿ ತುಂಬಿ ಪಂದ್ಯ ಕಟ್ಟುವುದು ಅಲ್ಲಿನ ಹಬ್ಬ. ಜೋಡಿಗಳು ನಡುವೆ ಬದಲಾದರೆ ಆ ಹಬ್ಬವೇ ಇಲ್ಲ.

ಬಹುಮಾನವೋ ಭವಿಷ್ಯವೋ

ಶ್ರೇಯಾಂಕದ ಇಬ್ಬಂದಿಯನ್ನು ಕಾನ್ಸಾಸ್ ರಾಜ್ಯದ ವಿಚಿಟ ಸ್ಟೇಟ್ ವಿಶ್ವವಿದ್ಯಾಲಯದಷ್ಟು ಚೆನ್ನಾಗಿ ಉಂಡವರು ಬೇರಿಲ್ಲ. ದೊಡ್ಡ ಒಕ್ಕೂಟಗಳ ಹೊರಗಿದ್ದ ಈ ತಂಡ 2013ರಲ್ಲಿ ಒಂಬತ್ತನೇ ಶ್ರೇಯಾಂಕದಿಂದ ಹೊರಟು, ಒಂದನೆಯ ಗೊನ್ಜಾಗವನ್ನು ಕೆಡವಿ ಸೆಮಿಫೈನಲ್ ತಲುಪಿತು. ಮರುವರ್ಷ ಒಂದೂ ಪಂದ್ಯ ಸೋಲದೆ, 34-0 ದಾಖಲೆಯೊಡನೆ ಟೂರ್ನಿಗೆ ಬಂದಾಗ ಸಮಿತಿ ಅದಕ್ಕೆ ಒಂದನೇ ಶ್ರೇಯಾಂಕವನ್ನೇ ಕೊಟ್ಟಿತು. ಸಾಧನೆಗೆ ಸಂದ ಗೌರವ ಅದು. ಆದರೆ ಎರಡನೇ ಪಂದ್ಯದಲ್ಲಿ ಎದುರಾದ ಎಂಟನೇ ಶ್ರೇಯಾಂಕದ ತಂಡ ಕೆಂಟಕಿ. ಋತುವಿನ ಆರಂಭದಲ್ಲಿ ದೇಶಕ್ಕೇ ಮೊದಲೆಂದು ಎಣಿಸಲಾಗಿದ್ದ, ಹತ್ತು ಪಂದ್ಯ ಸೋತು ಕೆಳಗಿಳಿದಿದ್ದ, ಎಳೆಯರ ತಂಡ. ಕೆಂಟಕಿ 78-76ರಿಂದ ಗೆದ್ದು ಫೈನಲ್‌ವರೆಗೂ ಹೋಯಿತು. ಕಳೆದ ಸೋಲುಗಳ ಲೆಕ್ಕದಲ್ಲಿ ಅದು ಎಂಟನೆಯದು, ಆ ಮಾರ್ಚ್‌ನಲ್ಲಿ ಹಾಗಿರಲಿಲ್ಲ.

2017ರಲ್ಲಿ ತಕ್ಕಡಿ ಇನ್ನೊಂದು ಬದಿಗೆ ವಾಲಿತು. ವಿಚಿಟ ಸ್ಟೇಟ್ 30 ಗೆಲುವು, 4 ಸೋಲಿನೊಡನೆ ಬಂತು. ಅಂಕಗಳ ಅಂತರ, ಎದುರಾಳಿಯ ಬಲ ಎರಡನ್ನೂ ತೂಗುವ ಗಣಕ ಲೆಕ್ಕಗಳು ಅದನ್ನು ದೇಶದ ಮೊದಲ ಹತ್ತರಲ್ಲಿ ಇಟ್ಟಿದ್ದವು. ಸಮಿತಿ ಕೊಟ್ಟದ್ದು ಹತ್ತನೇ ಶ್ರೇಯಾಂಕ. ಎಂದರೆ ದೇಶದಲ್ಲಿ ಮೂವತ್ತೇಳರಿಂದ ನಲವತ್ತರೊಳಗಿನ ಸ್ಥಾನ. ಮೊದಲ ಪಂದ್ಯದಲ್ಲಿ ಅದರ ಕೈಗೆ ಸಿಕ್ಕು ಸೋತದ್ದು ಏಳನೆಯ ಡೇಟನ್. ಎರಡನೆಯದರಲ್ಲಿ ಮತ್ತೆ ಕೆಂಟಕಿ, ಈ ಬಾರಿ ಎರಡನೇ ಶ್ರೇಯಾಂಕದೊಡನೆ, ಫಲಿತಾಂಶ 65-62. ಒಂದು ತಂಡವನ್ನು ಕೀಳಂದಾಜು ಮಾಡಿದಾಗ ಅನ್ಯಾಯ ಅದಕ್ಕಷ್ಟೇ ಆಗುವುದಿಲ್ಲ. ಡೇಟನ್‌ನಂಥವರು ತಾವು ಮಾಡದ ತಪ್ಪಿಗೆ ದಂಡ ತೆರುತ್ತಾರೆ. ಆ ವರ್ಷವೇ ವಿಚಿಟ ಸ್ಟೇಟ್ ತನ್ನ ಹಳೆಯ ಒಕ್ಕೂಟವನ್ನು ಬಿಟ್ಟು ಹೆಚ್ಚು ಬಲದ ಒಕ್ಕೂಟವೊಂದನ್ನು ಸೇರಿತು.

ಎರಡು ಪ್ರಸಂಗಗಳ ಹಿಂದಿರುವುದು ಒಂದೇ ಗೊಂದಲ. ಶ್ರೇಯಾಂಕವು ಕಳೆದ ನಾಲ್ಕು ತಿಂಗಳ ದುಡಿಮೆಗೆ ಕೊಡುವ ಬಹುಮಾನವೋ ಅಥವಾ ಇಂದು ಯಾರು ಬಲಶಾಲಿ ಎಂದು ಹೇಳುವ ಭವಿಷ್ಯವೋ? ಬಹುಮಾನವಾದರೆ ಗೆದ್ದವರಿಗೆ ಸಲ್ಲಬೇಕು, ಯಾರ ವಿರುದ್ಧ ಎಂದು ಅತಿಯಾಗಿ ಕೆದಕಬಾರದು. ಭವಿಷ್ಯವಾದರೆ ಹತ್ತು ಸೋಲುಂಡ ಕೆಂಟಕಿಯೂ ಮೇಲೇರಬಹುದು. ಆದರೆ ಗೆಲ್ಲುವುದಕ್ಕೆ ಬೆಲೆ ಎಲ್ಲಿ ಉಳಿಯಿತು? ಸಮಿತಿಯ ತಕ್ಕಡಿ ಎರಡರ ನಡುವೆ ತೂಗಾಡುತ್ತಲೇ ಬಂದಿದೆ.

ಹದಿನಾರನೆಯವರ ಸರದಿ

ಅನುಮಾನವೇ ಇಲ್ಲವೆನಿಸಿದ್ದ ಜಾಗ ಒಂದಿತ್ತು: ಒಂದನೆಯವರಿಗೂ ಹದಿನಾರನೆಯವರಿಗೂ ನಡೆಯುವ ಪಂದ್ಯ. 1989ರಲ್ಲಿ ಪ್ರಿನ್ಸ್‌ಟನ್ ತಂಡ ಬಲಾಢ್ಯ ಜಾರ್ಜ್‌ಟೌನ್‌ಗೆ ಸೋತದ್ದು 49-50ರಿಂದ, ಒಂದೇ ಅಂಕದಿಂದ. ಸಣ್ಣ ಒಕ್ಕೂಟಗಳ ಚಾಂಪಿಯನ್ನರಿಗೆ ನೇರ ಪ್ರವೇಶ ಏಕೆ ಬೇಕೆಂಬ ಮಾತು ಕೇಳಿಬರುತ್ತಿದ್ದ ದಿನಗಳವು. ಆ ಒಂದು ಸೋಲು ಸಣ್ಣವರ ಪರವಾಗಿ ಹಲವು ಗೆಲುವುಗಳಿಗಿಂತ ಚೆನ್ನಾಗಿ ವಾದಿಸಿತು. ಮೊದಲು ಗೋಡೆ ಒಡೆದವರು ಮಹಿಳೆಯರು. 1998ರ ಮಹಿಳಾ ಟೂರ್ನಿಯಲ್ಲಿ ಹದಿನಾರನೆಯ ಹಾರ್ವರ್ಡ್, ಸ್ಟ್ಯಾನ್‌ಫರ್ಡನ್ನು ಅದರದೇ ಅಂಗಳದಲ್ಲಿ 71-67ರಿಂದ ಸೋಲಿಸಿತು. ಸ್ಟ್ಯಾನ್‌ಫರ್ಡಿನ ಇಬ್ಬರು ಪ್ರಮುಖ ಆಟಗಾರ್ತಿಯರು ಟೂರ್ನಿಗೆ ತುಸು ಮುಂಚೆ ಗಾಯಗೊಂಡಿದ್ದರು. ಅಂಕ ಹಳೆಯ ತಂಡದ್ದು, ಆಡಿದ್ದು ಬೇರೆ ತಂಡ.

ಪುರುಷರಲ್ಲಿ ಒಂದನೆಯವರು ಹದಿನಾರನೆಯವರ ವಿರುದ್ಧ ಸತತ 135 ಗೆದ್ದ ಮೇಲೆ, 2018ರಲ್ಲಿ, ಬಾಲ್ಟಿಮೋರ್ ಬಳಿಯ ಯುಎಂಬಿಸಿ ತಂಡ ವರ್ಜೀನಿಯವನ್ನು 74-54ರಿಂದ ಮಣ್ಣುಮುಕ್ಕಿಸಿತು. ವರ್ಜೀನಿಯ ಆ ವರ್ಷ ಇಡೀ ಟೂರ್ನಿಗೇ ಮೊದಲ ಶ್ರೇಯಾಂಕದ್ದು. ಮರುವರ್ಷ ಅದೇ ವರ್ಜೀನಿಯ ಚಾಂಪಿಯನ್ ಆಯಿತು. ಸಮಿತಿಯ ಅಂದಾಜು ತೀರ ಹುಸಿಯಾಗಿರಲಿಲ್ಲ ಎಂಬುದಕ್ಕೂ ಅದು ಸಾಕ್ಷಿ. 2023ರಲ್ಲಿ ಫೇರ್ಲೆ ಡಿಕಿನ್ಸನ್ ತಂಡ ಪರ್ಡ್ಯೂವನ್ನು 63-58ರಿಂದ ಸೋಲಿಸಿದ್ದು ಇನ್ನೂ ಸೋಜಿಗ. ಅದು ತನ್ನ ಸಣ್ಣ ಒಕ್ಕೂಟದ ಫೈನಲ್‌ನಲ್ಲೇ ಒಂದು ಅಂಕದಿಂದ ಸೋತಿತ್ತು. ಗೆದ್ದ ಮೆರಿಮ್ಯಾಕ್ ಕೆಳದರ್ಜೆಯಿಂದ ಹೊಸದಾಗಿ ಬಡ್ತಿ ಪಡೆದಿದ್ದರಿಂದ ಟೂರ್ನಿಗೆ ಅರ್ಹವಾಗಿರಲಿಲ್ಲ. ಹಾಗಾಗಿ ಸೋತವರಿಗೆ ಜಾಗ ಸಿಕ್ಕಿತ್ತು.

ಆ ತಂಡ ಪರ್ಡ್ಯೂ ಎದುರು ನಿಲ್ಲುವ ಮೊದಲು ಇನ್ನೊಂದು ಪಂದ್ಯವನ್ನೂ ಗೆಲ್ಲಬೇಕಾಗಿತ್ತು. 2011ರಲ್ಲಿ ತಂಡಗಳು 68 ಆದಾಗ ನಾಲ್ಕು ಪೂರ್ವಭಾವಿ ಪಂದ್ಯಗಳು ಸೇರಿಕೊಂಡವು. ಅವುಗಳಲ್ಲಿ ಎರಡನ್ನು ಹದಿನಾರನೇ ಶ್ರೇಯಾಂಕದ ಸಣ್ಣ ಒಕ್ಕೂಟಗಳ ಪ್ರತಿನಿಧಿಗಳು ಆಡಬೇಕು. ತನ್ನ ಒಕ್ಕೂಟವನ್ನು ಗೆದ್ದು ಬಂದ ತಂಡ ಹೊಸ್ತಿಲಲ್ಲಿ ಮತ್ತೊಮ್ಮೆ ಪರೀಕ್ಷೆ ಬರೆಯುವಾಗ, ದೊಡ್ಡ ಒಕ್ಕೂಟದಲ್ಲಿ ಆರನೆಯದೋ ಏಳನೆಯದೋ ಆದ ತಂಡ ನೇರವಾಗಿ ಒಳಗೆ ಕುಳಿತಿರುವುದುಂಟು.

ಇದರಲ್ಲಿ ಹಣದ ಮಾತೂ ಇದೆ. 2010ರಲ್ಲಿ ಆದ ಪ್ರಸಾರದ ಒಪ್ಪಂದ 14 ವರ್ಷಕ್ಕೆ 1,080 ಕೋಟಿ ಡಾಲರುಗಳದು. ತಂಡ ಆಡುವ ಒಂದೊಂದು ಪಂದ್ಯಕ್ಕೂ ಅದರ ಒಕ್ಕೂಟಕ್ಕೆ ಒಂದು ಪಾಲು, ಆರು ವರ್ಷಗಳ ಕಂತಿನಲ್ಲಿ ಬರುತ್ತದೆ. ಒಂದು ಸುತ್ತು ಹೆಚ್ಚು ಆಡುವುದೆಂದರೆ ಸಣ್ಣ ಒಕ್ಕೂಟಕ್ಕೆ ಹಲವು ವರ್ಷಗಳ ಖರ್ಚಿನ ಆಸರೆ. ಒಳ್ಳೆಯ ಶ್ರೇಯಾಂಕ ಹೆಚ್ಚು ಪಂದ್ಯ ತರುತ್ತದೆ, ಹೆಚ್ಚು ಪಂದ್ಯ ಹಣ ತರುತ್ತದೆ, ಹಣ ಒಳ್ಳೆಯ ಆಟಗಾರರನ್ನು ತರುತ್ತದೆ, ಅವರು ಮತ್ತೆ ಒಳ್ಳೆಯ ಶ್ರೇಯಾಂಕ ತರುತ್ತಾರೆ. ಈ ಚಕ್ರದ ಹೊರಗೆ ನಿಂತವರಿಗೆ ಹತ್ತನೆಯದೋ ಏಳನೆಯದೋ ಎಂಬ ವ್ಯತ್ಯಾಸ ಬರೀ ಗೌರವದ ಪ್ರಶ್ನೆಯಲ್ಲ.

ಹಳೆಯ ಭೂಗೋಳದ ಪದ್ಧತಿಯಲ್ಲಿ ಅನ್ಯಾಯ ಕುರುಡಾಗಿತ್ತು. ಯಾರೂ ಅದಕ್ಕೆ ಹೊಣೆಯಾಗಿರಲಿಲ್ಲ. ಶ್ರೇಯಾಂಕ ಬಂದ ಮೇಲೆ ಅನ್ಯಾಯಕ್ಕೆ ಒಂದು ವಿಳಾಸ ಸಿಕ್ಕಿತು. ಕೇಳಲು ಸಮಿತಿಯೊಂದಿದೆ, ತೋರಿಸಲು ಅಂಕಿಗಳಿವೆ, ತಿದ್ದಲು ಸೂತ್ರಗಳಿವೆ. 1974ರ ಮೇರಿಲ್ಯಾಂಡಿಗೆ ಆಗಿದ್ದು ಮತ್ತೆ ಆಗದಂತೆ ಬಾಗಿಲು ತೆರೆದದ್ದು, ಆರ್‌ಪಿಐಯನ್ನು ಮೂಲೆಗೆ ಸರಿಸಿದ್ದು ಎಲ್ಲವೂ ಅಂಥ ಕೇಳುವಿಕೆಯಿಂದಲೇ ಆದವು. ಪೂರ್ತಿ ನ್ಯಾಯವಾದ ಪಟ್ಟಿ ಎಂದಾದರೂ ಸಿದ್ಧವಾದೀತೆಂದು ಹೇಳಲಾಗದು. 350 ತಂಡಗಳನ್ನು ಮೂವತ್ತು ಪಂದ್ಯಗಳಿಂದ ಅಳೆಯುವ ಯಾವ ಕೋಲಿನಲ್ಲೂ ಅಷ್ಟು ಸೂಕ್ಷ್ಮವಾದ ಗೆರೆಗಳಿಲ್ಲ. ಎರಡು ಕೆಲಸವನ್ನಂತೂ ಮಾಡಬಹುದು: ಸಣ್ಣವರ ಅಂಗಳಕ್ಕೆ ದೊಡ್ಡವರು ಋತುವಿನ ನಡುವೆಯೇ ಬಂದು ಆಡುವಂತೆ ಮಾಡುವುದು, ಮತ್ತು ಹದಿನಾರನೆಯವರಿಗೂ ಹೊಲದಲ್ಲಿ ಒಂದು ಸಾಲು ಬಿಡುವುದು. ಉಳಿದದ್ದನ್ನು ಮಳೆಗೆ ಬಿಟ್ಟಂತೆ ಆಟಕ್ಕೇ ಬಿಡಬೇಕು.